ಸಂತಾಲ ದಂಗೆಗೆ ನಿಜವಾದ ಕಾರಣ ಕಂದಾಯವಾ, ಸಾಲವಾ?

ಕೆಎಎಸ್_ಆಕಾಂಕ್ಷಿ: ಗೈಡಿನಲ್ಲಿ 1855ರ ಸಂತಾಲ ಬುಡಕಟ್ಟಿನ ದಂಗೆಗೆ ಕಾರಣ ‘ಬ್ರಿಟಿಷರ ಶೋಷಣೆ, ಜಮೀನ್ದಾರರ ದಬ್ಬಾಳಿಕೆ’ ಅಂತ ಒಂದೇ ಸಾಲು ಇದೆ. ಹತ್ತು ಅಂಕಕ್ಕೆ ಇದನ್ನೇ ಎಳೆಯೋದಾ? ಕಾಡು ಕಡಿದು ಹೊಲ ಮಾಡಿ ಅಂತ ಈಸ್ಟ್ ಇಂಡಿಯಾ ಕಂಪನಿಯೇ ಜಾಗ ಕೊಟ್ಟು ಕೂರಿಸಿದ ಜನ ಅದರ ಮೇಲೇ ಯಾಕೆ ತಿರುಗಿಬಿದ್ದರು?

ಹಳೇ_ಲೆಡ್ಜರ್: ನಾನು ಬ್ಯಾಂಕಿನವನು, ಅದೇ ಸಂತಾಲರ ಸೀಮೆಯ ದುಮ್ಕಾದಲ್ಲಿ ಕೆಲಸ ಮಾಡಿದ್ದೆ. ಹಾಗಾಗಿ ನನ್ನ ಕಣ್ಣು ಮೊದಲು ಹೋಗೋದು ಸಾಲದ ಪತ್ರದ ಮೇಲೆ.

ರಾಜಮಹಲ್ ಬೆಟ್ಟದ ತಪ್ಪಲಲ್ಲಿ 1832ರ ಹೊತ್ತಿಗೆ ದಾಮಿನ್-ಇ-ಕೋಹ್ ಅಂತ ಒಂದು ಸರ್ಕಾರಿ ಪ್ರದೇಶದ ಗಡಿ ಗುರುತಿಸಿದರು. 1838ರಲ್ಲಿ ಅಲ್ಲಿ ಸುಮಾರು 3,000 ಸಂತಾಲರು. 1851ಕ್ಕೆ 82,000 ದಾಟಿದ್ದರು. ಬೆಳೆ ಬಂದಲ್ಲಿಗೆ ಮಹಾಜನರೂ, ಅಂದರೆ ಬಡ್ಡಿ ವ್ಯಾಪಾರಿಗಳೂ, ಬಂದರು. ಸುಗ್ಗಿ ಆಗುತ್ತಲೇ ಅವರ ಗಾಡಿ ಹಾಜರ್. ಜೊತೆಗೆ ತೂಕಕ್ಕೆ ಒಂದು ಕಲ್ಲು, ಅದಕ್ಕೆ ಸಿಂಧೂರ ಬಳಿದಿರೋದು! ಕುಂಕುಮ ಇಟ್ಟ ಕಲ್ಲು ಸುಳ್ಳು ಹೇಳುತ್ತೆ ಅಂತ ಯಾರು ಅಂದುಕೊಳ್ತಾರೆ? ಕೊಳ್ಳುವಾಗ ದೊಡ್ಡ ಅಳತೆ, ಮಾರುವಾಗ ಚಿಕ್ಕದು. ಬಡ್ಡಿ ನೂರಕ್ಕೆ 50ರಿಂದ 500ರವರೆಗೆ.

ತೀರಿಸಲಾಗದವನು ‘ಕಮಿಯೋತಿ’ ಪತ್ರಕ್ಕೆ ಹೆಬ್ಬೆಟ್ಟು ಒತ್ತಬೇಕು: ಸಾಲ ತೀರೋವರೆಗೂ ಧಣಿಯ ಮನೆಯಲ್ಲಿ ದುಡಿಮೆ. ಕೂಲಿಯೇ ಇಲ್ಲದವನು ಅಸಲು ಎಲ್ಲಿಂದ ತಂದಾನು? ಅಪ್ಪ ಸತ್ತರೆ ಮಗ. ನಮ್ಮ ಕಡೆಯ ಜೀತ ಇದೇ ತಾನೇ.

ಗ್ಯಾಂಗ್‌ಮನ್: ರೈಲ್ವೆಯನ್ನು ಬಿಟ್ಟುಬಿಟ್ರಲ್ಲ ಸಾರ್. ರಾಜಮಹಲ್ ಕಡೆ ಹಳಿ ಹಾಕುತ್ತಿದ್ದ ಬಿಳಿಯರು ಆಡು, ಕೋಳಿ ದುಡ್ಡು ಕೊಡದೆ ಎತ್ತಿಕೊಂಡು ಹೋಗ್ತಿದ್ದರು, ಹೆಂಗಸರ ಮೇಲೆ ಕೈ ಹಾಕಿದರು.

ಹಳೇ_ಲೆಡ್ಜರ್: ಸರಿ, ಸೇರಿಸಲೇಬೇಕು. ಆದರೆ ಅದೇ ರೈಲ್ವೆ ಕೆಲಸದಲ್ಲಿ ನಗದು ಕೂಲಿಯೂ ಇತ್ತು. ಜೀತಕ್ಕೆ ಬಿದ್ದವನನ್ನು ಮಹಾಜನ ಅಲ್ಲಿಗೆ ಹೋಗಲು ಬಿಡಲಿಲ್ಲ. ಪಕ್ಕದ ಮನೆಯವನು ದುಡ್ಡು ಎಣಿಸೋದನ್ನು ನೋಡಿಕೊಂಡು ಧಣಿಯ ಗದ್ದೆ ಉಳಬೇಕಾದವನ ಹೊಟ್ಟೆ ಎಷ್ಟು ಉರಿದಿರಬೇಕು!

ಕೆಎಎಸ್_ಆಕಾಂಕ್ಷಿ: ಸಿಟ್ಟು ಮಹಾಜನನ ಮೇಲಾದರೆ ಕಂಪನಿ ಯಾಕೆ ಮಧ್ಯೆ ಬಂತು?

ಹಳೇ_ಲೆಡ್ಜರ್: ಸಾಲ ವಸೂಲಿಗೆ ಡಿಕ್ರಿ (ತೀರ್ಪು) ಕೊಡುವ ಕೋರ್ಟು ಕಂಪನಿಯದು, ಅದೂ ದೂರದಲ್ಲಿ. ದೂರು ಕೊಟ್ಟರೆ ದರೋಗ, ಅಂದರೆ ಪೊಲೀಸ್ ಅಧಿಕಾರಿ, ಮಹಾಜನನ ಕಡೆ. 1855ರ ಜೂನ್ 30ರಂದು ಭೋಗನಾಡಿಹ ಅನ್ನೋ ಹಳ್ಳಿಯಲ್ಲಿ ಸಂತಾಲ ಅಣ್ಣತಮ್ಮಂದಿರಾದ ಸಿಧು, ಕಾನ್ಹು ಸುಮಾರು 10,000 ಜನರನ್ನು ಸೇರಿಸಿದರು. ಜುಲೈ 7ರಂದು ಮೊಟ್ಟಮೊದಲು ಸತ್ತವರಲ್ಲಿ ಇದ್ದದ್ದು ಯಾರು? ಹಿಡಿಯಲು ಬಂದ ದರೋಗ ಮಹೇಶ್ ಲಾಲ್ ದತ್ತ, ಜೊತೆಗೆ ಮಹಾಜನರು.

ಇನ್ನೊಂದು ಮಾತು, ಗೈಡುಗಳು ಇದನ್ನು ಹೇಳಲ್ಲ: ಸಿಧು-ಕಾನ್ಹು ಕಂದಾಯವೇ ಬೇಡ ಅನ್ನಲಿಲ್ಲ. ನೇಗಿಲಿನ ಲೆಕ್ಕದಲ್ಲಿ ತಾವೇ ದರ ಕಟ್ಟಿದರು. ಎತ್ತಿನ ನೇಗಿಲಿಗೆ ಒಂದು ದರ, ಕೋಣದ್ದಕ್ಕೆ ಅದರ ದುಪ್ಪಟ್ಟು. ಬಡ್ಡಿಗೂ ಮಿತಿ ಹಾಕಿದರು.

ದಾಮಿನ್ ಸರ್ಕಾರಿ ಜಮೀನು. ಜಮೀನ್ದಾರರ ಕಾಟ ಹೆಚ್ಚಿದ್ದದ್ದು ಅದರ ಸುತ್ತಲ ಪಾಕುಡ್ ಕಡೆ. ಮಹಾಜನರ ಸಾಲ, ಜಮೀನ್ದಾರರ ಕಾಟ ಎರಡನ್ನೂ ಬೇರೆ ಬೇರೆ ಪ್ಯಾರಾ ಮಾಡಿ ಬರೀರಿ. 1855ರ 37ನೇ ಕಾಯ್ದೆಯಿಂದ ಸಂತಾಲ ಪರಗಣ ಪ್ರತ್ಯೇಕ ಜಿಲ್ಲೆ ಆದದ್ದನ್ನು ಪರಿಣಾಮದಲ್ಲಿ ಹಾಕಿ, ಕಾರಣದಲ್ಲಲ್ಲ.