ಮುಧೋಳ ನಾಯಿಗೆ ದಿನಕ್ಕೆ ಎಷ್ಟು ಓಟ ಬೇಕು? ಜಾಗ ಇಲ್ಲದ ಮನೆ

ಕುವೆಂಪುನಗರದಿಂದ:
ಗಂಡು ಮುಧೋಳ, ಒಂದೂವರೆ ವರ್ಷ, 24 ಕೆಜಿ. ಥರ್ಟಿ ಫಾರ್ಟಿ ಸೈಟಿನ ಮನೆ, ಕಾಂಪೌಂಡಲ್ಲಿ ಓಡೋಕೆ ಜಾಗ ಇಲ್ಲ. ಬೆಳಿಗ್ಗೆ 20 ನಿಮಿಷ, ರಾತ್ರಿ 15 ನಿಮಿಷ ರಸ್ತೆಯಲ್ಲಿ ನಡೆಸ್ತೀವಿ. ಆದರೂ ಚಪ್ಪಲಿ ಕಡಿಯುತ್ತೆ, ಗೇಟಿನ ಬುಡ ಕೆರೆಯುತ್ತೆ. ಅಳಿಲು ಕಂಡರೆ ಬೆಲ್ಟಿಂದ ತಲೆ ಜಾರಿಸಿಕೊಂಡು ಓಡುತ್ತೆ. ಸ್ಕೂಟರಿಗೆ ಕಟ್ಟಿ ರಿಂಗ್ ರೋಡಲ್ಲಿ ಓಡಿಸಿ ಅಂತಾರೆ ಕೆಲವರು. ಮಾಡಬಹುದಾ?

ಬೆಟ್ಟದಪಾದ:
ಸ್ಕೂಟರಿಗೆ ಮಾತ್ರ ಕಟ್ಟಬೇಡಿ ಸರ್. ಚೈನು ಎಳೀತಾ ಇರೋ ತನಕ ನಾಯಿ ಸುಸ್ತಾದರೂ ನಿಲ್ಲಲ್ಲ. ನಿಮ್ಮ ಕಣ್ಣು ರಸ್ತೆ ಮೇಲಿರುತ್ತೆ, ಅದರ ನಾಲಿಗೆ ಮೇಲಲ್ಲ. ಟಾರಿಗೆ ಉಜ್ಜಿ ಅಂಗಾಲೂ ಸುಲಿಯುತ್ತೆ.

ಮುಧೋಳ ಮೂಗಿಗಿಂತ ಕಣ್ಣನ್ನ ನಂಬಿ ಬೇಟೆ ಆಡೋ ತಳಿ. ಅದಕ್ಕೆ ಬೇಕಿರೋದು ಚಿಕ್ಕ ಚಿಕ್ಕ ಪೂರ್ತಿ ವೇಗದ ಓಟ. ನಿಮ್ಮ 35 ನಿಮಿಷದ ನಡಿಗೇಲಿ ಅದು ಒಂದು ಸಲವೂ ಸಿಗ್ತಿಲ್ಲ. ದಿನಕ್ಕೆ ಒಂದರಿಂದ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಜೋರು ಓಟ ಅದರಲ್ಲಿ ಬಿಡುವೂ ಸೇರಿ ಹದಿನೈದಿಪ್ಪತ್ತು ನಿಮಿಷ ಸಾಕು, ಉಳಿದದ್ದು ನಿಧಾನ ನಡಿಗೆ. ಮರ, ಕಂಬ ಮೂಸೋಕೆ ಬಿಡಿ. ಮೂಸಾಟವೂ ಅದರ ತಲೆಗೆ ಕೆಲಸವೇ.

ಓಟಕ್ಕೆ ಮುಕ್ಕಾಲು ಇಂಚಿನ ಪಿವಿಸಿ ಪೈಪ್ 5 ಅಡಿ ತಗೊಳ್ಳಿ. ಒಳಗೆ 11 ಅಡಿ ಹಗ್ಗ ತೂರಿಸಿ, ಹಿಡಿ ಕಡೆ ಪೈಪಿನ ಬಾಯಿಗಿಂತ ದಪ್ಪ ಗಂಟು ಹಾಕಿ, ಇನ್ನೊಂದು ತುದಿಗೆ ಹಳೇ ಟವೆಲ್ ಕಟ್ಟಿ. ಸುತ್ತ ಬೇಲಿ ಇರೋ ಮಣ್ಣಿನ ಖಾಲಿ ಸೈಟಲ್ಲಿ ಗಾಜಿನ ಚೂರು ಆರಿಸಿ, ಐದು ನಿಮಿಷ ನಡೆಸಿ ಮೈ ಬಿಸಿ ಮಾಡಿಸಿ. ಆಮೇಲೆ ಟವೆಲ್ಲನ್ನ ನೆಲದ ಮೇಲೇ ಸುತ್ತ ಎಳೀರಿ: ಒಂದು ನಿಮಿಷ ಓಟ, ಎರಡು ನಿಮಿಷ ಬಿಡುವು. ಮೊದಲ ವಾರ 3 ಸುತ್ತು, ಆಮೇಲೆ 6. ಟವೆಲ್ ಮೇಲೆತ್ತಬೇಡಿ. ನಾಯಿ ಹಾರಿ ಗಾಳೀಲಿ ತಿರುಗಿ ಬಿದ್ದರೆ ಹಿಂಗಾಲಿನ ಮಂಡಿ ನಾರು ಹರಿಯುತ್ತೆ. ಎಡಕ್ಕೂ ಬಲಕ್ಕೂ ಸಮವಾಗಿ ತಿರುಗಿಸಿ. ಪ್ರತಿ ಸುತ್ತಿನ ಕೊನೇಲಿ ಟವೆಲ್ ಹಿಡಿಯೋಕೆ ಬಿಡಲೇಬೇಕು, ಇಲ್ಲದಿದ್ದರೆ ಅದೇ ಹುಚ್ಚು ಮನೆಗೂ ಬರುತ್ತೆ. ಟೆರೇಸ್ ಮೇಲಂತೂ ಬೇಡವೇ ಬೇಡ, ಅಟ್ಟಿಸಿಕೊಂಡು ಹೋಗೋ ರಭಸಕ್ಕೆ ಪ್ಯಾರಾಪೆಟ್ ಹಾರಿಬಿಡುತ್ತೆ.

ಸರಸ್ವತಿಪುರಂ:
ತಲೆ ಜಾರೋದು ಬೆಲ್ಟ್ ಸಡಿಲ ಇದ್ದದ್ದಕ್ಕಲ್ಲ, ಈ ತಳಿಯ ತಲೆ ಕತ್ತಿಗಿಂತ ಹೆಚ್ಚು ಅಗಲ ಇರಲ್ಲ. ಒಂದೂವರೆ ಇಂಚು ಅಗಲದ ಮಾರ್ಟಿಂಗೇಲ್ ಬೆಲ್ಟ್ ಹಾಕಿ, ಅಂದರೆ ನಾಯಿ ಎಳೆದಾಗ ಮಾತ್ರ ಬಿಗಿಯೋ ಎರಡು ರಿಂಗಿನ ಬೆಲ್ಟ್. ಪೂರ್ತಿ ಬಿಗಿದಾಗ ಎರಡು ರಿಂಗಿನ ನಡುವೆ ಎರಡು ಬೆರಳು ಅಂತರ ಇರಬೇಕು. ರಿಂಗ್‌ಗಳು ಒಂದಕ್ಕೊಂದು ತಾಗಿದರೆ ಅಳತೆ ದೊಡ್ಡದಾಯ್ತು ಅಂತ ಅರ್ಥ. 10 ಮೀಟರ್ ಉದ್ದದ ಹಗ್ಗ ಕಟ್ಟೋದಾದರೆ ಕತ್ತಿಗೆ ಬೇಡ, ಎದೆಗೆ ಹಾಕೋ ಹಾರ್ನೆಸ್‌ಗೆ ಕಟ್ಟಿ. ಓಡಿ ಹಗ್ಗದ ಕೊನೆ ಮುಟ್ಟಿದಾಗ ಜಗ್ಗೋ ಪೆಟ್ಟು ಕತ್ತಿನ ಮೂಳೆಗೆ ಬೀಳಬಾರದು.

ಮಂಡ್ಯದ ಕೂಳೆಗದ್ದೆ:
ಭಾನುವಾರ ಊರ ಕಡೆ ಗದ್ದೇಲಿ ಬಿಡೋರಿಗೆ ಒಂದು ಮಾತು ಅಣ್ಣ. ಕಬ್ಬು ಕಡಿದ ಹೊಲದಲ್ಲಿ ಕೂಳೆ ಚೂಪಾಗಿರುತ್ತೆ, ಓಡೋ ನಾಯಿ ಅಂಗಾಲು ಸೀಳುತ್ತೆ. ಉತ್ತ ಹೊಲ ವಾಸಿ. ವಿಸಿ (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ಚೈನ್ ಬಿಚ್ಚಲೇಬೇಡಿ. ಸಿಮೆಂಟ್ ಹಾಕಿದ ಕಡೆ ಬಿದ್ದ ನಾಯಿಗೆ ಹತ್ತೋಕೆ ಉಗುರಿಗೆ ಹಿಡಿತ ಸಿಗಲ್ಲ. ಮುಸ್ಸಂಜೆ ಆದಮೇಲೆ ಕಬ್ಬಿನ ಪಕ್ಕ ಬೇಡ, ಚಿರತೆ ಇರುತ್ತೆ. ವಾಪಸ್ ಬಂದಮೇಲೆ ಬೆರಳ ಸಂದು, ಕಿವಿಯೊಳಗೆ ಉಣ್ಣಿ ನೋಡಿ.

ಕುವೆಂಪುನಗರದಿಂದ:
ಎಲ್ಲರಿಗೂ ಧನ್ಯವಾದ. ಊಟ ಓಟಕ್ಕೆ ಮುಂಚೆನಾ, ಆಮೇಲಾ? ಈ ಬೇಸಿಗೇಲಿ ಎಷ್ಟು ಹೊತ್ತಿಗೆ ಹೊರಡೋದು?

ಬೆಟ್ಟದಪಾದ:
ಓಟ ಮುಗಿದು ಒಂದು ಗಂಟೆ ಕಳೆದ ಮೇಲೆ ಊಟ. ಊಟ ಆದಮೇಲೆ ಎರಡು ಗಂಟೆ ಓಟ ಇಲ್ಲ. ಮುದ್ದೆ ಹಾಕೋದಾದರೆ ಒಂದೇ ಸಲ ದೊಡ್ಡದು ಬೇಡ, ಎರಡು ಹೊತ್ತಿಗೆ ಹಂಚಿ. ಎದೆಗೂಡು ಆಳ ಇರೋ ತಳಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳೋ ಅಪಾಯ ಹೆಚ್ಚು. ಹೊಟ್ಟೆ ಬಿಗಿದು, ಓಕರಿಸಿದರೂ ಏನೂ ಬರದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಡಾಕ್ಟರ ಹತ್ತಿರ ಹೊರಡಿ.

ಏಪ್ರಿಲ್ ಮೇ ತಿಂಗಳಲ್ಲಿ ಬೆಳಿಗ್ಗೆ ಆರಕ್ಕೆ ಹೊರಟು ಏಳೂವರೆಯೊಳಗೆ ಮನೆ ಸೇರಿ. ಸಂಜೆ ಸೂರ್ಯ ಮುಳುಗಿದರೂ ಟಾರು ಕಾದೇ ಇರುತ್ತೆ. ಕೈಯ ಹಿಂಭಾಗ ರಸ್ತೆಗೆ ಇಟ್ಟು ಏಳು ಎಣಿಸಿ, ತಡೆಯೋಕೆ ಆಗದಿದ್ದರೆ ಅದರ ಅಂಗಾಲಿಗೂ ಆಗಲ್ಲ. ನಾಲಿಗೆ ತುದಿ ಅಗಲವಾಗಿ ಸೌಟಿನ ಥರ ಹೊರಗೆ ಬಿದ್ದರೆ ಆ ಸುತ್ತಿಗೇ ನಿಲ್ಲಿಸಿ. ಮಾರನೇ ಬೆಳಿಗ್ಗೆ ಏಳುವಾಗ ಕಾಲು ಬಿಗಿ ಹಿಡಿದಂತೆ ನಡೆದರೆ ಎರಡು ದಿನ ಓಟ ಬಿಡಿ, ನಡಿಗೆ ಮಾತ್ರ. ಮೂರನೇ ದಿನವೂ ಕುಂಟಿದರೆ ತೋರಿಸಿ.