ಜನಪದ ಪಾರ್ಕಿನ ಮಿಠಾಯಿ ಅಂಗಡಿ: ನಿಮ್ಮ ಪ್ರಶ್ನೆ, ಮೇಡಂ ಉತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ನಮ್ಮ ಗುಂಪಿನವರೊಬ್ಬರು ರಾಮನಗರದ ಕಡೆ ಒಂದು ಜನಪದ ಪಾರ್ಕಿನ ಆವರಣದಲ್ಲಿ ಮಿಠಾಯಿ ಅಂಗಡಿ ತೆರೀತಿದ್ದಾರೆ. ಆ ನೆಪದಲ್ಲಿ ಇವತ್ತು ಸಕ್ಕರೆ, ಬೆಲ್ಲದ ಮಿಠಾಯಿ ಬಗ್ಗೆ ಪ್ರಶ್ನೋತ್ತರ. ಉತ್ತರ ಕೊಡೋರು ಮಿಠಾಯಿ ತಯಾರಿಕೆಯಲ್ಲೇ ಕೆಲಸ ಮಾಡುವ ಆಹಾರ ತಂತ್ರಜ್ಞೆ. ಮೇಲಿನ ಉತ್ತರ ಓದಿ ಆಮೇಲೆ ಕೇಳಿ. ಫಾರ್ವರ್ಡ್ ಹಾಕಬೇಡಿ.

ತುಮಕೂರು ಚಿಕ್ಕಿ: ಮೇಡಂ, ಕಡಲೆ ಮಿಠಾಯಿ ಮಾಡಿದ ದಿನ ಗರಿಗರಿ, ನಾಲ್ಕನೇ ದಿನ ಹಲ್ಲಿಗೆ ಅಂಟುತ್ತೆ. ಯಾಕೆ?

ಮೇಡಂ: ಪಾಕ ಎಳಸಾಗಿದೆ, ಇಲ್ಲಾ ಬಿಸಿ ಇರುವಾಗಲೇ ಪ್ಯಾಕ್ ಮಾಡಿದ್ದೀರಿ. ಒಂದು ಕೆಜಿ ಹುರಿದ ಕಡಲೆಬೀಜಕ್ಕೆ 700ರಿಂದ 800 ಗ್ರಾಂ ಬೆಲ್ಲ. ಪಾಕದ ಹನಿ ತಣ್ಣೀರಿಗೆ ಬಿಟ್ಟು, ತೆಗೆದು ಮುರಿದರೆ ಟಕ್ ಅನ್ನಬೇಕು. ಬಾಗಿದರೆ ಇನ್ನೂ ಆಗಿಲ್ಲ. ಬೀಜ ಬೆಚ್ಚಗಿರಲಿ, ತಣ್ಣಗಿನ ಬೀಜ ಸುರಿದರೆ ಪಾಕ ಬೀಜಕ್ಕೆ ಹಿಡಿಯುವ ಮೊದಲೇ ಗಟ್ಟಿಯಾಗುತ್ತೆ. ಕತ್ತರಿಸಿದ ತುಂಡು ಪೂರ್ತಿ ಆರಿದ ಮೇಲೇ ಕವರ್‌ಗೆ ಹೋಗಬೇಕು.

ಮಂಡ್ಯ ಬೆಲ್ಲ: ಹಳದಿ ಬೆಲ್ಲ ಬಿಟ್ಟು ಕಪ್ಪು ಬೆಲ್ಲ ಹಾಕಿ, ಎಲ್ಲಾ ಸರಿಹೋಗುತ್ತೆ. ಹಳದಿದಕ್ಕೆ ಹೈಡ್ರೋಸ್ (ಬಣ್ಣ ತಿಳಿ ಮಾಡೋ ರಾಸಾಯನಿಕ) ಹಾಕಿರ್ತಾರೆ.

ಮೇಡಂ: ಹೈಡ್ರೋಸ್ ಹಾಕಿದ ಬೆಲ್ಲ ಬೇಡ ಅನ್ನೋದು ನಿಜ. ಕಪ್ಪು ಬೆಲ್ಲದಿಂದ ಚಿಕ್ಕಿ ಸರಿಹೋಗುತ್ತೆ ಅನ್ನೋದು ಸುಳ್ಳು. ಅದರಲ್ಲಿ ತೇವ ಹೀರುವ ಅಂಶ ಹೆಚ್ಚಿದ್ದರೆ ಚಿಕ್ಕಿ ಇನ್ನೂ ಬೇಗ ಅಂಟುತ್ತೆ. ಅಂಗಡಿಯವರನ್ನು ಚಿಕ್ಕಿಗೆ ಬರುವ ಗಟ್ಟಿ ಬೆಲ್ಲ ಅಂತಲೇ ಕೇಳಿ, ಅರ್ಧ ಕೆಜಿ ಪಾಕ ಮಾಡಿ ನೋಡಿ, ಆಮೇಲೆ ಮೂಟೆ ತನ್ನಿ.

ಕೆಂಗೇರಿ ಬೇಕರಿ: ಪಾರ್ಕೊಳಗೆ ಅಂಗಡಿ ಇಟ್ಟರೂ ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ, ಅಂದ್ರೆ ಎಫ್‌ಎಸ್‌ಎಸ್‌ಎಐ ಬೇಕಾ?

ಮೇಡಂ: ಬೇಕು.

ಹೊಸ ಅಂಗಡಿ, ರಾಮನಗರ: ಮೇಡಂ, ಅಂಗಡಿ ನಂದೇ. ಪಾರ್ಕಿನವರು ಹಳೇ ಕಾಲದ ಮಿಠಾಯಿ ಮಾತ್ರ ಮಾರಬೇಕು ಅಂದಿದ್ದಾರೆ. ಶುಂಠಿ ಪೆಪ್ಪರಮೆಂಟು, ಕಮರಕಟ್ಟು, ಬತ್ತಾಸು, ಸಕ್ಕರೆ ಅಚ್ಚು ಇಡ್ತಿದ್ದೀನಿ. ಮುಖ್ಯ ಆಕರ್ಷಣೆ ಬೊಂಬಾಯಿ ಮಿಠಾಯಿ. ಕೋಲಿನ ತುದೀಲಿ ಚಪ್ಪಾಳೆ ತಟ್ಟೋ ಗೊಂಬೆ, ಕೆಳಗೆ ಸುತ್ತಿದ ಗುಲಾಬಿ ಪಾಕ, ಎಳೆದು ಮಗುವಿನ ಕೈಗೆ ವಾಚು ಕಟ್ಟೋದು. ಜನರೆದುರೇ ಒಲೆ ಹಚ್ಚಿ ಪಾಕ ಕಾಯಿಸಿ ತೋರಿಸೋ ಆಸೆ. ಬಣ್ಣ ಪೇಟೇಲಿ ಸಿಕ್ತು, ಸಣ್ಣ ಪೊಟ್ಟಣ, ಚಿಟಿಕೆ ಹಾಕಿದ್ರೆ ಹತ್ತು ಕೆಜಿಗೆ ಬರುತ್ತಂತೆ. ಹದ ಮಾತ್ರ ಕೂರ್ತಿಲ್ಲ. ಬೆಳಿಗ್ಗೆ ಮುರಿಯುತ್ತೆ, ಮಧ್ಯಾಹ್ನ ಕೋಲಿಂದ ಇಳಿಯುತ್ತೆ.

ಮೇಡಂ: ಹದಕ್ಕೆ ಆಮೇಲೆ ಬರ್ತೀನಿ. ಮೊದಲು ಆ ಪೊಟ್ಟಣ. ಅದರ ಮೇಲೆ ತಯಾರಕರ ಹೆಸರು, ಬ್ಯಾಚ್, ಎಫ್‌ಎಸ್‌ಎಸ್‌ಎಐ ಸಂಖ್ಯೆ, ಬಣ್ಣದ ಹೆಸರು, ಶೇಕಡಾ ಎಷ್ಟು ಬಣ್ಣ ಅನ್ನೋದು ಇದೆಯಾ?

ಹೊಸ ಅಂಗಡಿ, ರಾಮನಗರ: ಏನೂ ಇಲ್ಲ ಮೇಡಂ. ಬರೀ ಪ್ಲಾಸ್ಟಿಕ್ ಕವರು.

ಮೇಡಂ: ಹಾಗಿದ್ದರೆ ಅದನ್ನು ಇವತ್ತೇ ಅಡುಗೆಮನೆಯಿಂದ ಹೊರಗೆ ಹಾಕಿ. ಚಿಟಿಕೆಗೆ ಹತ್ತು ಕೆಜಿ ಕೆಂಪಾಗುವ ಲೇಬಲ್ ಇಲ್ಲದ ಗುಲಾಬಿ ಪುಡಿ ರೋಡಮೈನ್-ಬಿ ಆಗಿರೋ ಸಾಧ್ಯತೆ ಇದೆ. ಅದು ಬಟ್ಟೆಗೆ ಹಾಕುವ ಬಣ್ಣ, ಆಹಾರದಲ್ಲಿ ನಿಷಿದ್ಧ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿ ಕಾಟನ್ ಕ್ಯಾಂಡಿಗೂ ಗೋಬಿ ಮಂಚೂರಿಗೂ ಕೃತಕ ಬಣ್ಣ ನಿಷೇಧಿಸಿದ್ದು ಮಾದರಿಗಳಲ್ಲಿ ಇಂಥದ್ದು ಸಿಕ್ಕಿದ್ದಕ್ಕೇ. ನಿಮ್ಮ ಗಿರಾಕಿಗಳು ಮಕ್ಕಳು, ಮರೀಬೇಡಿ.

ಕಾಯಿಸಿದ ಸಕ್ಕರೆ ಮಿಠಾಯಿಗೆ ಅನುಮತಿ ಇರುವ ಬಣ್ಣ ಹಾಕಬಹುದು. ಮಿತಿ ಒಂದು ಕೆಜಿಗೆ 100 ಮಿಲಿಗ್ರಾಂ. ಕಣ್ಣಳತೆಯಲ್ಲಿ ಇದು ಸಾಧ್ಯವೇ ಇಲ್ಲ. 1 ಗ್ರಾಂ ಶುದ್ಧ ಬಣ್ಣ ತೂಗಿ, ಕಾಯಿಸಿ ಆರಿಸಿದ ನೀರಲ್ಲಿ ಕರಗಿಸಿ, ಒಟ್ಟು 100 ಮಿಲಿ ಮಾಡಿ. ಅದರಲ್ಲಿ 10 ಮಿಲಿ ಅಂದ್ರೆ ಒಂದು ಕೆಜಿಗೆ ಗರಿಷ್ಠ. ನಿಮಗೆ 3ರಿಂದ 4 ಮಿಲಿ ಸಾಕು, ಪಾಕ ಎಳೆದಾಗ ಗಾಳಿ ಸೇರಿ ತಾನೇ ತಿಳಿ ಗುಲಾಬಿಯಾಗುತ್ತೆ. ಡಬ್ಬಿ ಮೇಲೆ ಬಣ್ಣದ ಅಂಶ ಶೇ. 20 ಅಂತ ಇದ್ದರೆ ಉಳಿದದ್ದು ಉಪ್ಪೋ ಸಕ್ಕರೆಯೋ ಆಗಿರುತ್ತೆ, ಆ ಲೆಕ್ಕ ಸೇರಿಸಿಕೊಳ್ಳಿ.

ಮೈಸೂರು ಅಡುಗೆಮನೆ: ಮೇಡಂ, ಬಣ್ಣ ನೀರಿಗೆ ಹಾಕಿದಾಗ ತಕ್ಷಣ ಹರಡಿದ್ರೆ ನಕಲಿ, ನಿಧಾನಕ್ಕೆ ಹರಡಿದ್ರೆ ಅಸಲಿ ಅಂತ ಒಂದು ವಿಡಿಯೋ ಬಂದಿದೆ. ಹಾಕಲಾ?

ಮೇಡಂ: ಬೇಡ. ಎರಡೂ ನೀರಲ್ಲಿ ಕರಗುತ್ತವೆ. ಲೋಟದ ನೀರಿಂದ ತಿಳಿಯೋದಾದ್ರೆ ಪ್ರಯೋಗಾಲಯ ಯಾಕೆ ಬೇಕಿತ್ತು?

ಮಂಡ್ಯ ಬೆಲ್ಲ: ಬೀಟ್‌ರೂಟ್ ರಸ ಹಾಕಿದ್ರಾಯ್ತಲ್ಲ. ನ್ಯಾಚುರಲ್.

ಮೇಡಂ: ರಸ ಹಾಕಿದರೆ ನೀರು ಸೇರಿ ಪಾಕ ಮತ್ತೆ ಎಳಸಾಗುತ್ತೆ. ಕುದಿಯುವಾಗ ಹಾಕಿದರೆ ಬಣ್ಣ ಕಂದು. ಒಣಗಿಸಿದ ಬೀಟ್‌ರೂಟ್ ಪುಡಿಯನ್ನು ಎಳೆಯುವ ಹಂತದಲ್ಲಿ ಸೇರಿಸಬಹುದು, ಆದರೆ ಬಿಸಿಲಿಗೆ ಇಟ್ಟರೆ ಮಾಸುತ್ತೆ.

ಈಗ ಹದ. ರಾಮನಗರ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರ, ಅಲ್ಲಿ ನೀರು ಹೆಚ್ಚುಕಡಿಮೆ 97.5 ಡಿಗ್ರಿಗೇ ಕುದಿಯುತ್ತೆ. ಥರ್ಮಾಮೀಟರನ್ನು ಕುದಿಯುವ ನೀರಲ್ಲಿ ಹಿಡಿದು ನೋಡಿ. 97.5 ತೋರಿಸಿದರೆ ಅದು ಸರಿಯಿದೆ. ಪುಸ್ತಕದಲ್ಲಿ 125 ಅಂತಿದ್ದರೆ ನೀವು 122.5ಕ್ಕೇ ಇಳಿಸಬೇಕು. ಈ ಎರಡೂವರೆ ಡಿಗ್ರಿ ಬಿಟ್ಟಿದ್ದಕ್ಕೇ ಬೆಳಿಗ್ಗೆ ಮುರಿಯುತ್ತಿರಬಹುದು.

ಸಕ್ಕರೆ 1 ಕೆಜಿ, ದ್ರವ ಗ್ಲೂಕೋಸ್ 400 ಗ್ರಾಂ, ನೀರು 350 ಮಿಲಿ. ಸಕ್ಕರೆ ಪೂರ್ತಿ ಕರಗುವವರೆಗೆ ಸಣ್ಣ ಉರಿ, ಆಮೇಲೆ ಸೌಟು ಹಾಕಬೇಡಿ. ಬಾಣಲೆ ಅಂಚಿಗೆ ಹತ್ತಿದ ಹರಳನ್ನು ಒದ್ದೆ ಬ್ರಶ್‌ನಿಂದ ಒರೆಸುತ್ತಾ ಇರಿ, ಒಂದು ಹರಳು ಒಳಗೆ ಬಿದ್ದರೂ ಇಡೀ ಪಾಕ ಮರಳಾಗುತ್ತೆ. ನಿಮ್ಮೂರಲ್ಲಿ ಬೇಸಿಗೆಗೆ 123, ಚಳಿಗೆ 119 ಅಂತ ಶುರು ಮಾಡಿ, ಒಂದೊಂದು ಡಿಗ್ರಿ ಹೊಂದಿಸಿಕೊಳ್ಳಿ. ಎಣ್ಣೆ ಸವರಿದ ಕಲ್ಲಿನ ಮೇಲೆ ಸುರಿದು, ಅಂಚು ಗಟ್ಟಿಯಾದಂತೆ ಒಳಕ್ಕೆ ಮಡಚಿ. ಬಣ್ಣ ಈ ಹಂತಕ್ಕೆ. ನಂತರ ಎಳೆದು ಮಡಚಿ, ಎಳೆದು ಮಡಚಿ, ರೇಷ್ಮೆಯ ಹೊಳಪು ಬಂದ ಕೂಡಲೇ ನಿಲ್ಲಿಸಿ. ಅದಕ್ಕೂ ಮೀರಿ ಎಳೆದರೆ ಹೊಳಪು ಹೋಗಿ ಪುಡಿಪುಡಿ ಆಗುತ್ತೆ.

ಜನರೆದುರು ಒಲೆ ಹಚ್ಚೋದು ಬೇಡವೇ ಬೇಡ. ನನಗೆ ಬಣ್ಣಕ್ಕಿಂತ ಇದೇ ಹೆಚ್ಚು ಹೆದರಿಕೆ. 120 ಡಿಗ್ರಿ ಪಾಕ ಚರ್ಮಕ್ಕೆ ಬಿದ್ದರೆ ನೀರಿನ ಥರ ಹರಿದು ಹೋಗಲ್ಲ, ಅಲ್ಲೇ ಅಂಟಿಕೊಂಡು ಸುಡುತ್ತಲೇ ಇರುತ್ತೆ. ಶಾಲಾ ಪ್ರವಾಸದ ಬಸ್ಸು ಬಂದ ದಿನ ಐವತ್ತು ಮಕ್ಕಳು ಕಟ್ಟೆಗೆ ಒರಗಿಕೊಂಡು ಕೈ ಚಾಚುತ್ತಾರೆ. ಕಾಯಿಸೋದು ಹಿಂದಿನ ಕೋಣೆಯಲ್ಲಿ, ಬಾಗಿಲು ಮುಚ್ಚಿ. ಮುಂದೆ ತರುವಾಗ ಪಾಕ 60 ಡಿಗ್ರಿಗಿಂತ ಕೆಳಗಿರಲಿ. ಎಳೆಯೋದು, ಆಕಾರ ಮಾಡೋದು ಮಾತ್ರ ಜನರೆದುರು. ಒಳಗೆ ಹತ್ತಿ ಗ್ಲೌಸ್, ಮೇಲೆ ನೈಟ್ರೈಲ್ (ರಬ್ಬರಿನಂಥ) ಗ್ಲೌಸ್. ಕಟ್ಟೆಗೂ ಮಕ್ಕಳಿಗೂ ನಡುವೆ ಗಾಜು.

ವಾಚಿಗೆ 15ರಿಂದ 20 ಗ್ರಾಂ ಸಾಕು. ಹೆಬ್ಬೆರಳಿಂದ ಒತ್ತಿ ಬಿಲ್ಲೆ ಮಾಡಿ, ಎರಡೂ ಕಡೆ ಪಟ್ಟಿ ಎಳೆದು, ಚಮಚದ ಅಂಚಿಂದ ಮುಳ್ಳು ಗೀರಿ. ಮಗುವಿನ ಬರಿಗೈಗೆ ಕಟ್ಟಬೇಡಿ, ಬಟರ್ ಪೇಪರ್ ಪಟ್ಟಿ ಸುತ್ತಿ ಅದರ ಮೇಲೆ ಕಟ್ಟಿ. ಮಿಠಾಯಿ ಮುಟ್ಟುವವರು ದುಡ್ಡು ಮುಟ್ಟಬಾರದು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬೇಡಿ, ಅಂಟು ಮಿಠಾಯಿ ಗಂಟಲಲ್ಲಿ ಸಿಕ್ಕಿಕೊಂಡರೆ ತೆಗೆಯೋದು ಕಷ್ಟ. ವಯಸ್ಸು ಕೇಳಿ ಕೊಡಿ, ಹಾಗಂತ ಬೋರ್ಡ್ ಹಾಕಿ.

ಮೈಸೂರು ಅಡುಗೆಮನೆ: ಪಾಕ ಸಿಡಿದ್ರೆ ಕಾಫಿಪುಡಿ ಒತ್ತಿದ್ರೆ ಬೊಬ್ಬೆ ಬರಲ್ಲ. ಟೂತ್‌ಪೇಸ್ಟೂ ಆಗುತ್ತೆ. ನೂರು ಜನ ಶೇರ್ ಮಾಡಿದ್ದಾರೆ.

ಮೇಡಂ: ಲಕ್ಷ ಜನ ಶೇರ್ ಮಾಡಿದರೂ ತಪ್ಪು ತಪ್ಪೇ. ಕಾಫಿಪುಡಿ, ಪೇಸ್ಟ್, ಶಾಯಿ, ಅರಿಸಿನ ಯಾವುದೂ ಬೇಡ, ಐಸೂ ಬೇಡ. ಹರಿಯುವ ನಲ್ಲಿ ನೀರಿನ ಕೆಳಗೆ 20 ನಿಮಿಷ. ಉಂಗುರ, ಬಳೆ ಬಿಚ್ಚಿ. ಅಂಟಿದ ಪಾಕ ಕೀಳಬೇಡಿ, ಚರ್ಮವೂ ಬರುತ್ತೆ. ಶುಭ್ರ ಬಟ್ಟೆ ಹೊದಿಸಿ ಆಸ್ಪತ್ರೆಗೆ. ಕೋಣೆಯಲ್ಲಿ ನಲ್ಲಿ ಇಲ್ಲದಿದ್ದರೆ ಪಾಕ ಕಾಯಿಸಬೇಡಿ. ದಯವಿಟ್ಟು ಮೇಲಿನ ಕಾಮೆಂಟ್ ಅಳಿಸಿ, ಯಾರಾದರೂ ನಂಬಿಯಾರು.

ಧಾರವಾಡ ಮನೆ ತಿಂಡಿ: ಸಕ್ಕರೆ ಅಚ್ಚಿನ ಬಗ್ಗೆ ಯಾರೂ ಮಾತಾಡವಲ್ರಿ. ಗೌರಿ ಹುಣ್ಣಿವಿಗೆ ಸಕ್ಕರಿ ಆರತಿ ಇಡ್ರಿ, ಅಂಗಡಿ ತುಂಬ ಜನ ಬರ್ತಾರ.

ಮಂಡ್ಯ ಬೆಲ್ಲ: ರಾಮನಗರದಲ್ಲಿ ಗೌರಿ ಹುಣ್ಣಿಮೆಗೆ ಯಾರು ತಗೋತಾರೆ? ನಮ್ಮ ಕಡೆ ಅಚ್ಚು ಅಂದ್ರೆ ಸಂಕ್ರಾಂತಿ, ಎಳ್ಳು ಬೀರೋಕೆ.

ಧಾರವಾಡ ಮನೆ ತಿಂಡಿ: ಜನಪದ ಪಾರ್ಕ್ ಅಂದ ಮ್ಯಾಲೆ ಬರೇ ನಿಮ್ಮ ಕಡೀದಷ್ಟ ಜನಪದ ಏನ್ರೀ? ನಮ್ಮಲ್ಲಿ ಹೆಣ್ಣುಮಕ್ಕಳು ಆನಿ, ಒಂಟಿ, ತೇರಿನ ಗೊಂಬಿ ತಟ್ಟ್ಯಾಗಿಟ್ಟು ಗೌರಿಗೆ ಆರತಿ ಬೆಳಗ್ತಾರ. ಸಂಕ್ರಾಂತಿಗೆ ನಮಗ ಕುಸುರೆಳ್ಳು.

ಮಂಡ್ಯ ಬೆಲ್ಲ: ನಾನು ವ್ಯಾಪಾರದ ಮಾತಾಡ್ತಿದ್ದೀನಿ, ನೀವು ಜಗಳಕ್ಕೆ ಬರ್ತೀರಿ.

ಧಾರವಾಡ ಮನೆ ತಿಂಡಿ: ಜಗಳ ತಗದವರು ಯಾರು ಅಂತ ಮ್ಯಾಲೆ ಓದ್ರಿ.

ಅಡ್ಮಿನ್: ಇಬ್ಬರೂ ಸಾಕು.

ಮೇಡಂ: ಎರಡಕ್ಕೂ ಹದ ಒಂದೇ, ಹಾಗಾಗಿ ಎರಡು ಹಬ್ಬಕ್ಕೂ ಇಡಬಹುದು. ಗೌರಿ ಹುಣ್ಣಿಮೆ ಕಾರ್ತಿಕದಲ್ಲಿ, ಸಂಕ್ರಾಂತಿ ಜನವರಿಯಲ್ಲಿ. ಒಂದೇ ಜೊತೆ ಅಚ್ಚು ಎರಡು ಸಲ ದುಡಿಯುತ್ತೆ.

ಮೈಸೂರು ಅಡುಗೆಮನೆ: ನನ್ನ ಅಚ್ಚು ಗಟ್ಟಿಯಾಗೋದೇ ಇಲ್ಲ. ನಿಂಬೆರಸ ಅರ್ಧ ಹೋಳು ಹಾಕಿದ್ದೆ, ಬೆಳ್ಳಗೆ ಬರಲಿ ಅಂತ.

ಮೇಡಂ: ಅದಕ್ಕೇ ಗಟ್ಟಿಯಾಗಿಲ್ಲ. ಹುಳಿ ಜೊತೆ ಕುದಿದರೆ ಸಕ್ಕರೆ ಒಡೆದು, ಹರಳುಗಟ್ಟುವ ಗುಣ ಕಳಕೊಳ್ಳುತ್ತೆ. ಬೊಂಬಾಯಿ ಮಿಠಾಯಿಗೆ ಅದು ಬೇಕು, ಅಚ್ಚಿಗೆ ಬೇಡ. ಬೆಳ್ಳಗೆ ಬರಲು ಕೊಳೆ ತೆಗೀಬೇಕು. 1 ಕೆಜಿ ಸಕ್ಕರೆಗೆ 400 ಮಿಲಿ ನೀರು, ಕುದಿ ಬಂದಾಗ ಎರಡು ಚಮಚ ಹಾಲು, ಮೇಲೆ ಬಂದ ನೊರೆ ತೆಗೆದು ಬಟ್ಟೆಯಲ್ಲಿ ಸೋಸಿ. ಮತ್ತೆ ಕಾಯಿಸಿ ಗಟ್ಟಿ ಎಳೆ ಪಾಕ ಬಂದಾಗ ಇಳಿಸಿ, ಸೌಟಿಂದ ತಿರುವಿ. ಮಂಜಿನ ಹಾಗೆ ಮಸುಕಾದ ಕ್ಷಣ ಅಚ್ಚಿಗೆ ಸುರಿಯಬೇಕು, ತಡ ಮಾಡಿದರೆ ಪಾತ್ರೆಯಲ್ಲೇ ಕಲ್ಲಾಗುತ್ತೆ. ಮರದ ಅಚ್ಚು ಮೊದಲೇ ಎರಡು ಮೂರು ಗಂಟೆ ನೀರಲ್ಲಿ ನೆನೆದಿರಲಿ, ಒರೆಸಿ ಜೋಡಿಸಿ ಬಿಗಿಯಾಗಿ ಕಟ್ಟಿ. ಒಣ ಅಚ್ಚಿಗೆ ಸುರಿದರೆ ಆನೆಯ ಸೊಂಡಿಲು ಅಚ್ಚಲ್ಲೇ ಉಳಿಯುತ್ತೆ.

ಬಿಡದಿ ಗೃಹೋದ್ಯೋಗ: ಎಫ್‌ಎಸ್‌ಎಸ್‌ಎಐ ಬೇಕೇಬೇಕಾ ಮೇಡಂ? ಚಿಕ್ಕ ಅಂಗಡಿಗೂ?

ಮೇಡಂ: ಮೇಲೆ ಹೇಳಿದ್ದೀನಿ.

ಬಿಡದಿ ಗೃಹೋದ್ಯೋಗ: ಜಿಎಸ್‌ಟಿ ಎಷ್ಟು ಬರುತ್ತೆ? ಪಾರ್ಕಿಗೆ ಬಾಡಿಗೆ ಎಷ್ಟು ಕೊಡಬಹುದು?

ಹೊಸ ಅಂಗಡಿ, ರಾಮನಗರ: ಶುಂಠಿ ಪೆಪ್ಪರಮೆಂಟು ಚನ್ನಪಟ್ಟಣದ ಮರದ ಡಬ್ಬೀಲಿ ಹಾಕಿ ಮಾರೋ ಯೋಚನೆ ಇದೆ. ಪ್ರವಾಸಿಗರು ಡಬ್ಬಿಗೋಸ್ಕರ ತಗೋತಾರೆ.

ಮೇಡಂ: ಒಳ್ಳೇ ಯೋಚನೆ. ಡಬ್ಬಿ ಹಾಲೆ ಮರದ್ದು, ಮೇಲಿನ ಬಣ್ಣ ಅರಗಿನದು. ಆದರೆ ಮಿಠಾಯಿ ನೇರ ಮರಕ್ಕೆ ತಾಗಬಾರದು, ಮರ ತೇವ ಹೀರಿ ಬಿಡುತ್ತಾ ಇರುತ್ತೆ. ಒಂದೊಂದನ್ನೂ ಸುತ್ತಿ, ಸೀಲ್ ಮಾಡಿದ ಚೀಲದಲ್ಲಿ ಹಾಕಿ, ಚೀಲ ಡಬ್ಬಿಯೊಳಗೆ. ಕುಶಲಕರ್ಮಿಗೆ ಒಳಮೈ ಬಣ್ಣ ಬೇಡ ಅಂತ ಮೊದಲೇ ಹೇಳಿ.

ಮಂಗಳೂರು ತಿನಿಸು: ಮಳೆಗಾಲದಲ್ಲಿ ಪೆಪ್ಪರಮೆಂಟು ಒಂದಕ್ಕೊಂದು ಅಂಟಿ ಉಂಡೆ ಆಗ್ತದೆ. ಡಬ್ಬಿಗೆ ಅಕ್ಕಿ ಹಾಕಿದರೆ ಆಗ್ತದಾ?

ಮೇಡಂ: ಆಗಲ್ಲ. ಗಟ್ಟಿ ಮಿಠಾಯಿ ಸುತ್ತಲಿನ ಗಾಳಿಯ ತೇವವನ್ನೆಲ್ಲ ಎಳಕೊಳ್ಳುತ್ತೆ, ಅಕ್ಕಿ ಅದಕ್ಕೆ ಸಾಟಿಯಲ್ಲ. ಪಾಕ 150 ಡಿಗ್ರಿಗೆ ಬರಲಿ, ಹುಳಿಗೆ ಸಿಟ್ರಿಕ್ ಆಮ್ಲ ಹಾಕೋದಿದ್ದರೆ ಇಳಿಸಿದ ಮೇಲೆ. ಆರಿದ ತಕ್ಷಣ ಸುತ್ತಿ. ಡಬ್ಬಿಗೆ ಹಾಕುವ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಆಹಾರಕ್ಕೆ ಬಳಸುವ ದರ್ಜೆಯದೇ ಇರಲಿ.

ಕೆಂಗೇರಿ ಬೇಕರಿ: ಇರುವೆಗೆ? ಶೋಕೇಸ್ ಒಳಗೆ ಇರುವೆ ಚಾಕ್ ಗೀಟು ಹಾಕಿ, ಮೂಲೆಗೆ ಬೋರಿಕ್ ಪುಡಿ ಉದುರಿಸಿದ್ರೆ ಒಂದೂ ಬರಲ್ಲ ಅಂತ ಫಾರ್ವರ್ಡ್ ಬಂದಿದೆ.

ಮೇಡಂ: ಫಾರ್ವರ್ಡ್ ಬೇಡ ಅಂತ ಅಡ್ಮಿನ್ ಮೊದಲೇ ಹೇಳಿದ್ದಾರೆ. ಆ ಚಾಕ್ ಕೀಟನಾಶಕ, ಬೋರಿಕ್ ಪುಡಿಯೂ ವಿಷವೇ. ಎರಡನ್ನೂ ಬಿಳೀ ಸಕ್ಕರೆ ಪಕ್ಕದಲ್ಲಿ ಇಡುವ ಯೋಚನೆ ಬಂದದ್ದಾದರೂ ಹೇಗೆ? ಮೇಜಿನ ನಾಲ್ಕೂ ಕಾಲು ಸೋಪಿನ ನೀರಿನ ಬಟ್ಟಲಲ್ಲಿ ನಿಲ್ಲಿಸಿ, ಮೇಜು ಗೋಡೆಗೆ ತಾಗದಿರಲಿ. ಸಂಜೆ ಬಿದ್ದ ಚೂರು ಗುಡಿಸಿ, ಬಿಸಿನೀರಲ್ಲಿ ಕಟ್ಟೆ ಒರೆಸಿ.

ಕೆಂಗೇರಿ ಬೇಕರಿ: ಕೇಳಿದ್ದಕ್ಕೆ ಇಷ್ಟು ಸಿಟ್ಟು ಯಾಕೆ ಮೇಡಂ? ಗೊತ್ತಿಲ್ಲದ್ದಕ್ಕೇ ತಾನೇ ಕೇಳೋದು?

ಧಾರವಾಡ ಮನೆ ತಿಂಡಿ: ಅವರು ಖರೇ ಹೇಳ್ಯಾರ. ಮಕ್ಕಳ ಬಾಯಿಗೆ ಹೋಗೋ ಪದಾರ್ಥ ಅದು.

ಮಂಡ್ಯ ಬೆಲ್ಲ: ಅಂಗಡಿ ಇಡೋಕೆ ಮುಂಚೆನೇ ಹೆದರಿಸಿದ್ರೆ ಯಾರು ಇಡ್ತಾರೆ? ನಮ್ಮಜ್ಜಂದಿರು ಥರ್ಮಾಮೀಟರ್ ಇಟ್ಕೊಂಡು ಮಾಡ್ತಿದ್ರಾ?

ಮೇಡಂ: ಅವರ ಕೈಗೆ ಹದ ಗೊತ್ತಿತ್ತು, ಜೀವಮಾನವಿಡೀ ಅದೇ ಕೆಲಸ. ಮುಂದಿನ ತಿಂಗಳು ಅಂಗಡಿ ತೆರೆಯುವವರಿಗೆ ಥರ್ಮಾಮೀಟರ್ ಬೇಕು.

ಬಿಡದಿ ಗೃಹೋದ್ಯೋಗ: ಜಿಎಸ್‌ಟಿ ಕೇಳಿದ್ದೆ...

ಬೆಂಗಳೂರು ಸ್ನ್ಯಾಕ್ಸ್: ಹೊಗೆ ಬರೋ ಮಿಠಾಯಿ ಇಟ್ಟರೆ ಚೆನ್ನಾಗಿ ಓಡುತ್ತೆ ಬ್ರದರ್. ಲಿಕ್ವಿಡ್ ನೈಟ್ರೋಜನ್ ಸಪ್ಲೈ ನಾನು ಮಾಡ್ತೀನಿ.

ಮೇಡಂ: ಮೈನಸ್ 196 ಡಿಗ್ರಿಯ ದ್ರವ ಮಗುವಿನ ಬಾಯಿಗೆ ಹೋದರೆ ಬಾಯಿಂದ ಹೊಟ್ಟೆಯವರೆಗೂ ಸುಡುತ್ತೆ. ಅಡ್ಮಿನ್, ಈ ಕಾಮೆಂಟ್ ತೆಗೀರಿ.

ಅಡ್ಮಿನ್: ತೆಗೀತಿದ್ದೀನಿ.

ಹೊಸ ಅಂಗಡಿ, ರಾಮನಗರ: ಮೇಡಂ, ಪೊಟ್ಟಣ ಬಿಸಾಡಿದೆ. ಒಲೆ ಹಿಂದಿನ ಕೋಣೆಗೆ ಹಾಕಿಸ್ತೀನಿ, ಅಲ್ಲಿ ನಲ್ಲಿ ಇದೆ. ಪ್ಯಾಕಿನ ಲೇಬಲ್ ಹೀಗೆ ಬರೆದಿದ್ದೀನಿ, ಸರಿಯಾ: ಶುಂಠಿ ಪೆಪ್ಪರಮೆಂಟು, 100 ಗ್ರಾಂ, ಸಕ್ಕರೆ, ಶುಂಠಿ ರಸ, ಬೆಲೆ, ತಯಾರಿಸಿದ ದಿನ, ಅಂಗಡಿ ವಿಳಾಸ.

ಮೇಡಂ: ಗ್ಲೂಕೋಸ್ ಹಾಕಿದ್ದರೆ ಅದನ್ನೂ ಬರೀಬೇಕು, ಹೆಚ್ಚು ಇರುವ ಪದಾರ್ಥ ಮೊದಲು. ಬ್ಯಾಚ್ ಸಂಖ್ಯೆ, ಎಷ್ಟು ದಿನದೊಳಗೆ ತಿನ್ನಬೇಕು ಅನ್ನೋದು, ಎಫ್‌ಎಸ್‌ಎಸ್‌ಎಐ ಸಂಖ್ಯೆ, ಹಸಿರು ಗುರುತು, ಪೋಷಕಾಂಶದ ಪಟ್ಟಿ ಬಿಟ್ಟಿದ್ದೀರಿ. ಸೇರಿಸಿ, ಅಚ್ಚು ಹಾಕಿಸುವ ಮೊದಲು ಇನ್ನೊಮ್ಮೆ ಕಳಿಸಿ.