‘ಅಭಿವೃದ್ಧಿ’ನೋ ‘ವಿಕಾಸ’ನೋ? ರೊಮ್ಯಾಂಟಿಕ್ ಆರ್ಥಿಕ ಚಿಂತನೆಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ. ಡೆವಲಪ್‌ಮೆಂಟ್ ಎಕನಾಮಿಕ್ಸ್ (ಬಡದೇಶಗಳು ಹೇಗೆ ಮುಂದೆ ಬರ್ತವೆ ಅಂತ ನೋಡೋ ಅರ್ಥಶಾಸ್ತ್ರದ ಶಾಖೆ) ಮೇಲೆ ರೊಮ್ಯಾಂಟಿಕ್ ಚಿಂತನೆಯ (ಸಮಾಜವನ್ನ ಯಂತ್ರದ ಹಾಗಲ್ಲ, ಜೀವಿಯ ಹಾಗೆ ನೋಡೋ 18-19ನೇ ಶತಮಾನದ ಯುರೋಪಿನ ಚಿಂತನೆ) ಪ್ರಭಾವದ ಬಗ್ಗೆ ಲೇಖನ ಬರೀತಿದೀನಿ, ‘ಡೆವಲಪ್‌ಮೆಂಟ್’ ಬಂದಲ್ಲೆಲ್ಲಾ ‘ಅಭಿವೃದ್ಧಿ’ ಅಂತಲೇ ಹಾಕ್ತಾ ಹೋದ್ರೆ ವಾದದ ಜೀವವೇ ಹೋಗುತ್ತೆ ಅನ್ನಿಸ್ತಿದೆ.

ಯಾಕಂದ್ರೆ 18ನೇ ಶತಮಾನದ ಜರ್ಮನ್ ಚಿಂತಕ ಹರ್ಡರ್ ಥರದವರಿಗೆ ಒಂದು ಜನಾಂಗ ಬೆಳೆಯೋದು ಅಂದ್ರೆ ಗಿಡ ಬೆಳೆದ ಹಾಗೆ, ಒಳಗೆ ಇರೋದೇ ತನ್ನ ನೆಲ, ಭಾಷೆ, ಹವೆಗೆ ತಕ್ಕಂತೆ ಬಿಚ್ಚಿಕೊಳ್ಳೋದು. 1809ರಲ್ಲಿ ಇನ್ನೊಬ್ಬ ಜರ್ಮನ್ ಚಿಂತಕ ಆಡಮ್ ಮುಲ್ಲರ್ ಕೂಡ ರಾಜ್ಯ ಅನ್ನೋದು ಬರೀ ಕಾರ್ಖಾನೆಯೋ ವಿಮಾ ಸಂಸ್ಥೆಯೋ ಅಲ್ಲ ಅಂತ ವಾದ ಮಾಡಿದ. ಇನ್ನೊಂದು ಕವಲು ಇಂಗ್ಲಿಷ್ ಲೇಖಕ ರಸ್ಕಿನ್‌ದು: 1860ರ ಅವನ ‘ಅನ್‌ಟು ದಿಸ್ ಲಾಸ್ಟ್’ ಪ್ರಬಂಧಗಳನ್ನ ಗಾಂಧೀಜಿ 1904ರಲ್ಲಿ ಓದಿ 1908ರಲ್ಲಿ ‘ಸರ್ವೋದಯ’ ಅಂತ ಗುಜರಾತಿಗೆ ತಂದ್ರು, ಅಲ್ಲಿಂದ ಗಾಂಧೀವಾದಿ ಅರ್ಥಶಾಸ್ತ್ರಜ್ಞ ಜೆ.ಸಿ. ಕುಮಾರಪ್ಪ, ಆಮೇಲೆ 1973ರಲ್ಲಿ ‘ಸ್ಮಾಲ್ ಈಸ್ ಬ್ಯೂಟಿಫುಲ್’ ಬರೆದ ಅರ್ಥಶಾಸ್ತ್ರಜ್ಞ ಶುಮಾಕರ್.

ಈಗ ನಮ್ಮ ‘ಅಭಿವೃದ್ಧಿ’ ನೋಡಿ, ಬಳಕೆಯಲ್ಲಿ ಅದರ ಹಿಂದೇನೇ ‘ಪಡಿಸು’ ಬಂದು ಕೂತ್ಕೊಳ್ಳುತ್ತೆ, ರಸ್ತೆ ಅಭಿವೃದ್ಧಿಪಡಿಸಿದರು, ಬಡಾವಣೆ ಅಭಿವೃದ್ಧಿಪಡಿಸಿದರು, ಅಂದ್ರೆ ಮಾಡೋನು ಒಬ್ಬ, ಮಾಡಿಸಿಕೊಳ್ಳೋದು ಇನ್ನೊಂದು. ‘ಹೊಂದು’ ಸೇರಿಸಿದ್ರೂ ಎಲ್ಲಿಂದಲೋ ಪಡ್ಕೊಂಡ ಹಾಗೇ ಕೇಳಿಸುತ್ತೆ. ‘ವಿಕಾಸ’ದಲ್ಲಿ ಅರಳೋ ಅರ್ಥ ಇದೆ, ಹರ್ಡರ್‌ಗೆ ಅದೇ ಸರಿ ಅಂತ ನನ್ನ ಅಭಿಪ್ರಾಯ, ಆದ್ರೆ ಓದುಗರಿಗೆ ಜೀವವಿಕಾಸ, ಡಾರ್ವಿನ್ ನೆನಪಾದ್ರೆ ದಾರಿ ತಪ್ಪುತ್ತೆ. ‘ಏಳಿಗೆ’ ನನಗೆ ತುಂಬಾ ಇಷ್ಟದ ಪದ, ಆದ್ರೆ ಅದರಲ್ಲಿ ಸುಖ ಸಮೃದ್ಧಿ ಇದೆಯೇ ಹೊರತು ಒಳಗಿಂದ ಬಿಚ್ಚಿಕೊಳ್ಳೋದು ಇಲ್ಲ.

ನಿಜವಾಗಿ ಕೈ ಕಟ್ಟಿಹಾಕಿರೋದು ಜರ್ಮನ್ ಅರ್ಥಶಾಸ್ತ್ರಜ್ಞ ಫ್ರೆಡ್ರಿಕ್ ಲಿಸ್ಟ್. 1841ರ ಪುಸ್ತಕದಲ್ಲಿ ಅವನು ಸಂಪತ್ತಿಗಿಂತ ಸಂಪತ್ತು ಹುಟ್ಟಿಸೋ ಶಕ್ತಿ ದೊಡ್ಡದು ಅಂತಾನೆ, ರಾಷ್ಟ್ರ ಬೇಟೆ, ಪಶುಪಾಲನೆ, ಬೇಸಾಯ ದಾಟಿ ಕೈಗಾರಿಕೆ, ವಾಣಿಜ್ಯದ ಕಡೆ ಹಂತ ಹಂತವಾಗಿ ಬೆಳೆಯುತ್ತೆ ಅಂತಾನೆ, ಅಲ್ಲೀವರೆಗೆ ಪೂರಾ ‘ವಿಕಾಸ’. ಅದೇ ಉಸಿರಲ್ಲಿ ಎಳೆಯ ಕೈಗಾರಿಕೆಗಳನ್ನ ಸರ್ಕಾರ ಸುಂಕ ಹಾಕಿ ಕಾಪಾಡಬೇಕು ಅಂತಾನೂ ಹೇಳ್ತಾನೆ, 20ನೇ ಶತಮಾನದಲ್ಲಿ ಬಡದೇಶಗಳ ಯೋಜನೆಗಳಿಗೆ ಬಂದಿದ್ದು ಮುಖ್ಯವಾಗಿ ಈ ಭಾಗ, ಇದು ‘ಅಭಿವೃದ್ಧಿಪಡಿಸು’. ಎರಡಕ್ಕೂ ಅವನು ಬಳಸೋ ಚೌಕಟ್ಟು ಒಂದೇ, ನಾನು ಎರಡು ಪದ ಹಾಕಿದ್ರೆ ಅವನ ಚಿಂತನೆಯನ್ನೇ ಸೀಳಿದ ಹಾಗಾಗುತ್ತೆ.

ಬರೀ ‘ಬೆಳವಣಿಗೆ’ ಅಂತ ಇಡೋಣ ಅಂದ್ರೆ ಅದನ್ನ ಈಗಾಗಲೇ ಜಿಡಿಪಿಯವರು ‘ಗ್ರೋತ್’ಗೆ ತಗೊಂಡಿದಾರೆ. ಲಿಸ್ಟ್ ಬಗ್ಗೆ ಕನ್ನಡದಲ್ಲಿ ಬರೆದಿರೋರು, ಪಾಠ ಮಾಡಿರೋರು ಇದ್ರೆ ಇಲ್ಲಿ ಯಾವ ಪದ ಬಳಸ್ತೀರಿ, ದಯವಿಟ್ಟು ಒಂದೆರಡು ವಾಕ್ಯದಲ್ಲಿ ಪ್ರಯೋಗ ಮಾಡಿ ತೋರಿಸಿ.